ಚಿನ್ನದ ಆಂಟೆನಾ ಚಿಪ್: ಮೇಲ್ಗಡೆ ಸರಿ, ಕೆಳಗಡೆ ಏನಿದೆ?

ರಾಮನ್ ಮಾಪನಕ್ಕೆಂದು (ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಎಂದು ನೋಡಿ ಅಣುವನ್ನು ಗುರುತಿಸುವ ವಿಧಾನ) ಪ್ರಯೋಗಾಲಯಕ್ಕೆ ತರಿಸಿದ ಸಿಲಿಕಾನ್ ಚಿಪ್ ಇದು. ಮೇಲೆಲ್ಲ ಚಿನ್ನದ ಬೋ-ಟೈ ಆಂಟೆನಾಗಳು: ಮೂತಿಗೆ ಮೂತಿ ಕೊಟ್ಟ ಎರಡೆರಡು ತ್ರಿಕೋನ, ನಡುವೆ ಸುಮಾರು 20 ನ್ಯಾನೊಮೀಟರ್ ಸಂದು. ಬೆಳಕು ಒತ್ತೊತ್ತಾಗಿ ಸೇರುವುದು ಆ ಸಂದಿನಲ್ಲಿ. ನಾವು ದುಡ್ಡು ಕೊಡುವುದೂ ಅದಕ್ಕೇ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಧ್ಯಭಾಗ ಚೊಕ್ಕಟ. ಅಂಚಿನ ಕೆಲವು ಜೋಡಿಗಳು ಮಾತ್ರ ಅಂಟಿಕೊಂಡಿವೆ. ಸಂದೇ ಇಲ್ಲದ ಮೇಲೆ ಅವು ಇದ್ದೂ ಇಲ್ಲದಂತೆ.

ಬೆಂಜೀನ್‌ಥಯಾಲ್ ಎಂಬ, ಚಿನ್ನಕ್ಕೆ ಅಂಟುವ ಪರೀಕ್ಷಾ ಅಣುವನ್ನು ಹಚ್ಚಿ 785 ನ್ಯಾನೊಮೀಟರ್ ಲೇಸರ್ ಬಿಟ್ಟಾಗ, ರಾಮನ್ ಪಲ್ಲಟದ ಅಳತೆಯಲ್ಲಿ (ಪ್ರತಿ ಸೆಂಟಿಮೀಟರಿಗೆ) 1000 ಮತ್ತು 1573ರ ಹತ್ತಿರದ ಶಿಖರಗಳು ಎದ್ದು ಕಂಡವು. ಅಳತೆ ಸರಿಹೊಂದಿಸಲು ಸಿಲಿಕಾನಿನದೇ 520ರ ಗೆರೆ ಪುಕ್ಕಟೆ ಸಿಗುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರಿಗೆ ಏನೂ ಬರಲಿಲ್ಲ, ಅದು ಚಿಪ್ಪಿನ ತಪ್ಪಲ್ಲ. ಹಸಿರನ್ನು ಚಿನ್ನ ತಾನೇ ನುಂಗಿಬಿಡುತ್ತದೆ.

ನನ್ನ ತಕರಾರು ಇರುವುದು ಚಿನ್ನದ ಅಡಿಯ ಪದರದ ಬಗ್ಗೆ. ಬರೀ ಚಿನ್ನ ಇಂಥ ಮೇಲ್ಮೈಗೆ ಸರಿಯಾಗಿ ಕಚ್ಚುವುದಿಲ್ಲ, ಹಾಗಾಗಿ ಟೈಟೇನಿಯಂ ಅಥವಾ ಕ್ರೋಮಿಯಂನ ತೆಳುಲೇಪ ಕೊಡುತ್ತಾರೆ. ಕೆಲವೇ ನ್ಯಾನೊಮೀಟರ್ ದಪ್ಪದ ಆ ಲೇಪವೇ ಅನುರಣನವನ್ನು (ಒಂದು ಬಣ್ಣದ ಬೆಳಕಿಗೆ ಆಂಟೆನಾ ಅತಿ ಜೋರಾಗಿ ಸ್ಪಂದಿಸುವುದನ್ನು) ಮಂಕಾಗಿಸಬಲ್ಲದು. ಮೇಲಾಗಿ 785ರಲ್ಲಿ ಸಿಲಿಕಾನಿನ ವಕ್ರೀಭವನ ಸೂಚ್ಯಂಕ ಸುಮಾರು 3.7, ಗಾಜಿನದು 1.5. ಚಿನ್ನ ಸಿಲಿಕಾನಿಗೆ ನೇರವಾಗಿ ತಾಗಿದ್ದರೆ ಅನುರಣನ ಕೆಂಪಿನತ್ತ ಜಾರುತ್ತದೆ, ಆಂಟೆನಾ ಚೆಲ್ಲುವ ಬೆಳಕಿನ ಬಹುಪಾಲು ನಮ್ಮ ಮಸೂರಕ್ಕೆ ಬರದೆ ಕೆಳಗೇ ಇಳಿದುಹೋಗುತ್ತದೆ. ನಡುವೆ ಸಿಲಿಕಾನ್ ಆಕ್ಸೈಡ್ ಪದರ ಇದೆಯೇ, ಎಷ್ಟು ದಪ್ಪ? ತಯಾರಕರ ಮಾಹಿತಿ ಹಾಳೆಯಲ್ಲಿ ಒಂದಕ್ಷರವಿಲ್ಲ. ಕೇಳಿದರೆ ‘ವ್ಯಾಪಾರದ ಗುಟ್ಟು’ ಅಂದರು. ಒಂದು ಚಿಪ್ ಸೀಳಿ ನೋಡಿದೆವು: ಆಕ್ಸೈಡ್ ಪದರ, ಅದರ ಮೇಲೆ ಟೈಟೇನಿಯಂ. ಊರೆಲ್ಲ ಮಾಡುವುದೂ ಅದನ್ನೇ!

ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇರುವುದು ‘ಹತ್ತು ಲಕ್ಷ ಪಟ್ಟು ವರ್ಧನೆ’. ಸಂದಿನ ಒಂದು ಬಿಂದುವಿನಲ್ಲೋ, ಲೇಸರ್ ಬಿದ್ದಷ್ಟೂ ಜಾಗದ ಸರಾಸರಿಯೋ? ರಾಮನ್ ವರ್ಧನೆ ಹೆಚ್ಚುಕಡಿಮೆ ವಿದ್ಯುತ್ ಕ್ಷೇತ್ರದ ನಾಲ್ಕನೇ ಘಾತದಂತೆ ಏರುವುದರಿಂದ ಈ ಎರಡರ ನಡುವೆ ಅಜಗಜಾಂತರ. ಅದನ್ನು ಹೇಳದ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುಬಳಕೆಯ ಆಸೆ ಬೇಡ. ಥಯಾಲ್ ಚಿನ್ನವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಕ್ಸಿಜನ್ ಪ್ಲಾಸ್ಮಾದಲ್ಲಿ ತೊಳೆದ ಮೇಲೆ ತ್ರಿಕೋನದ ಮೊನೆಗಳು ಮೊಂಡಾಗಿ ಸಿಗ್ನಲ್ ಇಳಿಯಿತು.

ಅಣು ಪತ್ತೆಗೆ, 785 ಲೇಸರ್ ಕೈಯಲ್ಲಿದ್ದರೆ, ಧಾರಾಳವಾಗಿ ಕೊಳ್ಳಿ. ಅರೆವಾಹಕದೊಳಗಿನ ಕ್ವಾಂಟಮ್ ಚುಕ್ಕಿಗಳ (ಬೆಳಕು ಸೂಸುವ ನ್ಯಾನೊ ಗಾತ್ರದ ಕಣಗಳ) ಬೆಳಕನ್ನು ಆಂಟೆನಾಕ್ಕೆ ಜೋಡಿಸುವವರಿಗೆ ಇದು ಬೇಡ. ಸಮೀಪಕ್ಷೇತ್ರ, ಅಂದರೆ ಆಂಟೆನಾಕ್ಕೆ ಅಂಟಿಕೊಂಡಂತಿರುವ ಬೆಳಕಿನ ಕ್ಷೇತ್ರ, ಕೆಲವು ಹತ್ತು ನ್ಯಾನೊಮೀಟರಿನಲ್ಲೇ ಕರಗುವುದರಿಂದ ಈ ಆಕ್ಸೈಡ್ ದಾಟಿ ಚುಕ್ಕಿಯವರೆಗೆ ಹೆಚ್ಚೇನೂ ತಲುಪದು. ಅಂಥವರು ತಮ್ಮ ಅರೆವಾಹಕ ಬಿಲ್ಲೆಯ ಮೇಲೇ ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆಸಿಕೊಳ್ಳುವುದು ಲೇಸು.