ಗ್ರಿಲ್ ಮುಚ್ಚಳ ಸರಿಮಾಡಿಸುವವರೇ, ನೋಟಿನ ಪರೀಕ್ಷೆ ತೋರಿಸುವವನನ್ನು ನಂಬಬೇಡಿ

ಬೆಂಗಳೂರಿನಲ್ಲಿ ಸೆರಾಮಿಕ್ ಇದ್ದಿಲು ಗ್ರಿಲ್ ಇಟ್ಟುಕೊಂಡಿರುವವರು ಹೆಚ್ಚು ಮಂದಿ ಇರಲಿಕ್ಕಿಲ್ಲ. ಇರುವವರು ದಯವಿಟ್ಟು ಇದನ್ನು ಓದಿ. ಮನೆಗೇ ಬಂದು ಎಲ್ಲ ಬಗೆಯ ಬಾರ್ಬೆಕ್ಯೂ ರಿಪೇರಿ ಮಾಡುತ್ತೇನೆಂದು ಜಾಹೀರಾತು ಹಾಕಿಕೊಂಡು, ಕನಕಪುರ ರಸ್ತೆ ಕಡೆಯಿಂದ ಬರುವ ಒಬ್ಬ ಮನುಷ್ಯ ನನ್ನಿಂದ 6,500 ರೂಪಾಯಿ ಪಡೆದು, ಬಾಗಿಲ ಸಂದಿಗೆ ಅಂಟಿಸುವ ಟೇಪನ್ನು ಗ್ರಿಲ್ಲಿಗೆ ಅಂಟಿಸಿ ಹೋಗಿದ್ದಾನೆ. ಹೌದು, ಬಾಗಿಲ ಸಂದಿಯ ಟೇಪು. ಕೆಂಡ ಉರಿಯುವ ಒಲೆಗೆ!

ನನ್ನ ಗ್ರಿಲ್ಲಿನ ತೊಂದರೆ ಇಷ್ಟೇ: ಮುಚ್ಚಳ ಹಾಕಿದರೂ ಮುಂಭಾಗದ ಅಂಚಿನಿಂದ ಹೊಗೆ ಬರುತ್ತಿತ್ತು. ಇಂಥ ಗ್ರಿಲ್ಲಿನಲ್ಲಿ ಶಾಖವನ್ನು ಹಿಡಿತದಲ್ಲಿಡುವುದು ಗಾಳಿ. ಕೆಳಗಿನ ಕಿಂಡಿ, ಮೇಲಿನ ಕಿಂಡಿ, ಇವೆರಡರಲ್ಲಿ ಮಾತ್ರ ಅದು ಓಡಾಡಬೇಕು. ಮುಚ್ಚಳದ ಸಂದಿಯಲ್ಲೂ ನುಗ್ಗಿದರೆ 110 ಡಿಗ್ರಿಯಲ್ಲಿ ನಿಲ್ಲಬೇಕಾದ ಶಾಖಮಾಪಕದ ಮುಳ್ಳು 180 ದಾಟುತ್ತದೆ. ಅಡುಗೆ ಮುಗಿದ ಮೇಲೆ ಎರಡೂ ಕಿಂಡಿ ಮುಚ್ಚಿದರೂ ಕೆಂಡ ಆರುವುದಿಲ್ಲ, ಉಳಿಯಬೇಕಾದ ಇದ್ದಿಲೆಲ್ಲ ಬೆಳಿಗ್ಗೆಗೆ ಬೂದಿ.

ಬಂದವನು ಅಂಚನ್ನು ಬೆರಳಿನಿಂದ ಸವರಿ ನೋಡಿದ. "ಸರ್, ಗ್ಯಾಸ್ಕೆಟ್ ಹೋಗಿದೆ. ವಿದೇಶದ ಮಾಲು ಹಾಕುತ್ತೇನೆ, 400 ಡಿಗ್ರಿಗೂ ಏನೂ ಆಗುವುದಿಲ್ಲ" ಎಂದ. ಗ್ಯಾಸ್ಕೆಟ್ ಅಂದರೆ ಮುಚ್ಚಳದ ಅಂಚಿನ ಸಂದಿ ಮುಚ್ಚುವ ಪಟ್ಟಿ. ಬಿಲ್ ಕೇಳಿದೆ. "ಬಿಲ್ ಬೇಕೆಂದರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ ಸರ್, ನಿಮಗೇಕೆ ಸುಮ್ಮನೆ ಖರ್ಚು?" ನನ್ನ ಜೇಬಿನ ಬಗ್ಗೆ ಎಷ್ಟು ಕಾಳಜಿ ನೋಡಿ. ಹಳೆಯದನ್ನು ಅರ್ಧಂಬರ್ಧ ಕೆರೆದು, ಯಾವುದೋ ಟ್ಯೂಬಿನಿಂದ ಅಂಟು ಬಳಿದು, ಒಂದು ಕಪ್ಪು ಪಟ್ಟಿ ಒತ್ತಿದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. "ಒಂದು ನೋಟು ಕೊಡಿ ಸರ್" ಎಂದ. ಐನೂರರದ್ದು ಕೊಟ್ಟೆ. ಅದನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ "ಈಗ ಎಳೆಯಿರಿ" ಎಂದ. ಎಳೆದೆ, ಬರಲಿಲ್ಲ. "ನೋಡಿದಿರಾ? ನೋಟೇ ಬರುವುದಿಲ್ಲ, ಇನ್ನು ಹೊಗೆ ಎಲ್ಲಿಂದ ಬರುತ್ತದೆ?" ಪಕ್ಕದಲ್ಲಿದ್ದ ನನ್ನ ಭಾವಮೈದುನನೂ ತಲೆಯಾಡಿಸಿದ. ನಿಂತಲ್ಲೇ ಯುಪಿಐ ಮೂಲಕ ಹಣ ಕಳಿಸಿದೆ.

ಆ ಪರೀಕ್ಷೆ ಸುಳ್ಳಲ್ಲ, ಈ ಗ್ರಿಲ್ ಬಳಸುವವರು ಮಾಡುವಂಥದ್ದೇ. ಆದರೆ ಅಂಚಿನ ಸುತ್ತಲೂ ಮಾಡಬೇಕು. ಅವನು ನೋಟಿಟ್ಟದ್ದು ಹಿಂಬದಿಯಲ್ಲಿ, ಹಿಂಜ್ ಪಕ್ಕದಲ್ಲಿ. ಅಲ್ಲಿ ಮೊದಲಿನಿಂದಲೂ ಬಿಗಿಯಾಗಿಯೇ ಇತ್ತು! ಹೊಗೆ ಮುಂದಿನಿಂದ ಬರುತ್ತಿದೆ ಎಂದು ಬೆರಳು ಮಾಡಿ ತೋರಿಸಿದ್ದೆ. ತೋರಿಸಿದ ಜಾಗ ಬಿಟ್ಟು ಹಿಂದೆ ಹೋಗಿ ನೋಟಿಟ್ಟವನು ಏನೂ ತಿಳಿಯದವನಲ್ಲ. ಗೊತ್ತಿದ್ದೇ ಅಲ್ಲಿಟ್ಟ. ನನ್ನದೇ ನೋಟಿನಿಂದ ನನಗೆ ಟೋಪಿ.

ಭಾನುವಾರ ನೆಂಟರು ಬಂದಿದ್ದರು. ರಾತ್ರಿಯೆಲ್ಲ ಮಸಾಲೆಯಲ್ಲಿ ನೆನೆಸಿದ್ದ ಕುರಿ ತೊಡೆ. ಮುಳ್ಳು 150 ದಾಟುತ್ತಿದ್ದಂತೆ ತಾರಸಿಯ ಮೇಲೆಲ್ಲ ಸುಟ್ಟ ರಬ್ಬರಿನ ವಾಸನೆ. ಪಟ್ಟಿ ಮೆತ್ತಗಾಗಿ ಅಂಚಿನಿಂದ ಜಾರಿ ನೇತಾಡತೊಡಗಿತು. ಮಾಂಸಕ್ಕೂ ಅದೇ ವಾಸನೆ ಹತ್ತಿತ್ತು. ಅಷ್ಟನ್ನೂ ಬಿಸಾಡಿ ಹೋಟೆಲಿನಿಂದ ಬಿರಿಯಾನಿ ತರಿಸಿದೆವು. ಅತ್ತೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ, ನೀವೇ ಓದಿಕೊಳ್ಳಿ. "ನೀವು ಜಾಸ್ತಿ ಬಿಸಿ ಮಾಡಿದ್ದೀರಿ ಸರ್." 400 ಡಿಗ್ರಿ ಎಂದವರು ಯಾರು? "ಅದು ಗ್ಯಾಸ್ಕೆಟ್‌ಗೆ ಹೇಳಿದ್ದು, ಅಂಟಿಗಲ್ಲ." ಅಂಟು ಹಚ್ಚಿದವರು ಯಾರು? "ಬೆಂಕಿ ಅಂದ ಮೇಲೆ ಸುಡುತ್ತದೆ ಸರ್." ಕೊನೆಗೆ, "ಬೇಕಾದರೆ ಬಾಯ್ಲರ್‌ಗೆ ಹಾಕುವ ಆಸ್ಬೆಸ್ಟಾಸ್ ಹಗ್ಗ ಹಾಕಿಕೊಡುತ್ತೇನೆ, ಇನ್ನೆರಡು ಸಾವಿರ ಕೊಡಿ." ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವ ಆಸ್ಬೆಸ್ಟಾಸನ್ನು ನಾವು ತಿನ್ನುವ ಮಾಂಸದ ಪಕ್ಕದಲ್ಲಿ ಸುತ್ತುತ್ತಾನಂತೆ! ಬೇಡ, ಹಣ ವಾಪಸ್ ಕೊಡು ಎಂದೆ. ಅಲ್ಲಿಂದ ಫೋನ್ ಎತ್ತಿಲ್ಲ.

ಸುಟ್ಟ ಪಟ್ಟಿಯ ತುಂಡನ್ನು ಎಸ್.ಪಿ. ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಒಯ್ದೆ. ಅಂಗಡಿಯವರು ನೋಡಿದ ಕೂಡಲೇ ಅದೇ ಟೇಪಿನ ಸುರುಳಿಯನ್ನು ಮುಂದಿಟ್ಟರು. ಬೆಲೆ 180 ರೂಪಾಯಿ. "ಎಸಿ ರೂಮಿನ ಬಾಗಿಲಿಗಾ ಸರ್?" ಎಂದು ಕೇಳಿದರು. ನಾನೇನು ಹೇಳಲಿ?

ಇದಕ್ಕಿಂತ ಸಿಟ್ಟಿನ ವಿಷಯ, ಮೂಲ ದೋಷ ಗ್ಯಾಸ್ಕೆಟ್‌ನದೇ ಅಲ್ಲ. ಮುಚ್ಚಳವನ್ನು ಹಿಡಿದಿರುವ ಲೋಹದ ಬ್ಯಾಂಡ್ ಸಡಿಲವಾಗಿ ಮುಚ್ಚಳ ಹಿಂದಕ್ಕೆ ವಾಲಿತ್ತು. ಗ್ರಿಲ್ ತಣ್ಣಗಿರುವಾಗ, ಮುಚ್ಚಳ ಹಾಕಿಯೇ, ಮೇಲಿನ ಬ್ಯಾಂಡಿನ ನಟ್ ಸಡಿಲಿಸಿ, ಮುಚ್ಚಳವು ತನ್ನ ಭಾರಕ್ಕೆ ಅಂಚಿನ ಮೇಲೆ ಸಮನಾಗಿ ಕೂತ ಮೇಲೆ ಮತ್ತೆ ಬಿಗಿಯಬೇಕು. ತೆರೆದಿಟ್ಟುಕೊಂಡು ಸಡಿಲಿಸಬೇಡಿ, ಕಳಚಿ ಬಿದ್ದರೆ ಸೆರಾಮಿಕ್ ಒಡೆಯುತ್ತದೆ. ಒಂದು ಸ್ಪ್ಯಾನರ್ ಸಾಕು. ನಾನೇ ಮಾಡಿದೆ. ಅವನ ಅಂಟನ್ನೆಲ್ಲ ಕೆರೆದು, ಅಸಿಟೋನ್ ಹಾಕಿ ಒರೆಸಿ, ಗ್ರಿಲ್ ತಯಾರಕರದೇ ಗ್ಯಾಸ್ಕೆಟ್ ತರಿಸಿ ಹಾಕಿದ್ದೇನೆ. ಈಗ ಯಾವ ಕಡೆ ಎಳೆದರೂ ನೋಟು ಹಿಡಿಯುತ್ತದೆ. ಹಿಂದೆ ನೋಟಿಡಲು ಗೊತ್ತಿದ್ದವನಿಗೆ ಇದು ಗೊತ್ತಿರಲಿಲ್ಲವೇ?

ಗ್ಯಾಸ್ಕೆಟ್ ಹಾಕಿಸುವುದೇ ಆದರೆ ಪೊಟ್ಟಣ ನಿಮ್ಮೆದುರೇ ಒಡೆಯಲಿ. ನೋಮೆಕ್ಸ್ ಫೆಲ್ಟ್ (ಶಾಖ ತಡೆಯುವ ಒಂದು ಬಗೆಯ ನಾರಿನ ಪಟ್ಟಿ) ಅಥವಾ ಗಾಜಿನ ನಾರಿನದು ಎಂದು ಅದರ ಮೇಲೆ ಬರೆದಿರಬೇಕು. ಬಿಲ್ ಇಲ್ಲದೆ ಒಂದು ಪೈಸೆ ಕೊಡಬೇಡಿ. ಪರೀಕ್ಷೆಯನ್ನು ನೀವೇ ಮಾಡಿ, ಸುತ್ತಲೂ ಮಾಡಿ, ಅವನ ಕೈಗೆ ನೋಟು ಕೊಡಲೇಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆಂದು ನಿನ್ನೆ ಅವನಿಗೆ ಸಂದೇಶ ಕಳಿಸಿದೆ. ಅಷ್ಟು ದಿನ ಬಾಯಿ ಬಿಡದಿದ್ದವನು ಕೂಡಲೇ ಉತ್ತರಿಸಿದ: "ಬಿಲ್ ಇದೆಯಾ ಸರ್?" ಯುಪಿಐ ಪಾವತಿಯ ವಿವರ ಇದೆ, ಫೋಟೋ ಇದೆ, ಟೇಪಿನ ತುಂಡೂ ಇದೆ. ದೂರು ಕೊಟ್ಟೇ ಕೊಡುತ್ತೇನೆ.