ಟ್ರೋಪೋನಿನ್ ಕಾರ್ಡ್: ‘ನೆಗೆಟಿವ್’ ಬಂದರೆ ಗಡಿಯಾರ ನೋಡಿ

ಎದೆನೋವು ಹೃದಯಾಘಾತದ್ದೇ ಎಂದು ರಕ್ತದಲ್ಲಿ ಹುಡುಕುವ, ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಪೇಟೆಗಳ ಸಣ್ಣ ಲ್ಯಾಬಿಗೆ ಹೊಂದುವ ಟ್ರೋಪೋನಿನ್-ಐ ಕಾರ್ಡ್ ಪರೀಕ್ಷೆಯ ವಿಮರ್ಶೆ ಇದು. ಒಂದು ಕಂಪನಿಯ ಮಾಲಿನದ್ದಲ್ಲ, ಈ ಬಗೆಯ ಕಿಟ್‌ಗಳದ್ದು.

ಟ್ರೋಪೋನಿನ್ ಒಂದು ಪ್ರೋಟೀನು, ಅದು ಇರುವುದು ಸ್ನಾಯುಕೋಶದ ಒಳಗೆ. ಅದರ ಐ ಮತ್ತು ಟಿ ಭಾಗಗಳ ಹೃದಯದ ರೂಪವೇ ಬೇರೆ, ಕೈಕಾಲಿನ ಸ್ನಾಯುವಿನ ರೂಪವೇ ಬೇರೆ. ಅಡಿಕೆ ಗೊನೆ ಹೊತ್ತು ಮೈ ನೊಂದವರಲ್ಲಿ ಸಿಪಿಕೆ (ಯಾವ ಸ್ನಾಯು ನೊಂದರೂ ರಕ್ತಕ್ಕೆ ಬರುವ ಕಿಣ್ವ) ಏರಿ ಗೊಂದಲವಾಗುತ್ತದೆ. ಟ್ರೋಪೋನಿನ್‌ನಲ್ಲಿ ಆ ತಾಪತ್ರಯ ಕಡಿಮೆ. ಕಾರ್ಡಿನ ದೊಡ್ಡ ಗುಣ ಇದೇ. ಗೆರೆ ಓದಲು ಮಿಷನ್ ಬೇಡ, ಕರೆಂಟೂ ಬೇಡ, ಹನಿ ಹಾಕಿದ ಕಾಲು ಗಂಟೆಯಲ್ಲಿ ಉತ್ತರ.

ಕೊರತೆ ಇರುವುದು ಹೊತ್ತಿನ ಲೆಕ್ಕದಲ್ಲಿ. ಹೃದಯದ ಕೋಶ ಒಡೆದು ಟ್ರೋಪೋನಿನ್ ರಕ್ತದಲ್ಲಿ ಕಾಣುವಷ್ಟಾಗಲು ಸಾಮಾನ್ಯವಾಗಿ 3–4 ಗಂಟೆ ಬೇಕು. ಅದರ ಮೇಲೆ ಹೆಚ್ಚಿನ ಕಾರ್ಡುಗಳು ಗೆರೆ ತೋರಿಸುವುದು ಮಿಲಿಲೀಟರಿಗೆ ಸುಮಾರು 0.5 ನ್ಯಾನೊಗ್ರಾಂ ದಾಟಿದ ಮೇಲೆ. ಲೀಟರ್ ಲೆಕ್ಕದಲ್ಲಿ ಅದು 500. ದೊಡ್ಡ ಆಸ್ಪತ್ರೆಯ ಹೈ-ಸೆನ್ಸಿಟಿವಿಟಿ ಟ್ರೋಪೋನಿನ್-ಟಿ ಪರೀಕ್ಷೆಯಲ್ಲಿ ಅದೇ ಲೀಟರ್ ಲೆಕ್ಕದ 14 ದಾಟಿದರೇ ಎಚ್ಚರ. ಐ ಮತ್ತು ಟಿ ಅಂಕಿಗಳನ್ನು ನೇರ ತಾಳೆ ನೋಡಬಾರದು, ಆದರೂ ಸೂಕ್ಷ್ಮತೆಯ ಅಂತರ ಎಷ್ಟೆಂದು ಇದರಿಂದ ತಿಳಿಯುತ್ತದೆ. ಬೆಳಗಿನ ಜಾವ 4ಕ್ಕೆ ಎದೆ ಹಿಡಿದವರು ಗ್ಯಾಸಿರಬೇಕೆಂದು ಜೀರಿಗೆ ಕಷಾಯ ಕುಡಿದು, 6ಕ್ಕೆ ರಕ್ತ ಕೊಟ್ಟರೆ ‘ನೆಗೆಟಿವ್’ ಬರುವ ಸಂಭವವೇ ಜಾಸ್ತಿ. ಆ ಚೀಟಿ ಹಿಡಿದು ಮನೆಗೆ ಮರಳುವುದು ತೀರಾ ಅಪಾಯ. 3ರಿಂದ 6 ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡಲೇಬೇಕು, ಅದೂ ಆಸ್ಪತ್ರೆಯಲ್ಲಿದ್ದುಕೊಂಡು. ಇಸಿಜಿಯ ಗೆರೆಯಲ್ಲಿ ಎಸ್‌ಟಿ ಎಂಬ ಭಾಗ ಏರಿದ್ದರಂತೂ (ಹೃದಯದ ರಕ್ತನಾಳ ಮುಚ್ಚಿದ ಸೂಚನೆ) ಕಾರ್ಡಿಗೆ ಕಾಯುವುದೇ ತಪ್ಪು. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್ ದೂರ, ಆ ಕಾಲು ಗಂಟೆ ದಾರಿಗೆ ಬೇಕು.

ಲ್ಯಾಬಿನವರು ಎಡವುವ ಜಾಗಗಳೂ ಗೊತ್ತಿರುವಂಥವೇ. ಫ್ರಿಜ್ಜಿನಿಂದ ತೆಗೆದ ಕೂಡಲೇ ಪೊಟ್ಟಣ ಹರಿದರೆ, ಆಟಿಯ ಮಳೆಗಾಲದ ಗಾಳಿಗೆ ಕಾರ್ಡಿನೊಳಗಿನ ಪಟ್ಟಿಯ ಮೇಲೆ ನೀರಾಡುತ್ತದೆ, ರಕ್ತರಸ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಸರಿಯಾಗಿ ಹರಿಯುವುದಿಲ್ಲ. ಮುಚ್ಚಿದ ಪೊಟ್ಟಣವನ್ನೇ ಅರ್ಧ ಗಂಟೆ ಹೊರಗಿಟ್ಟು, ರಕ್ತರಸ ತಯಾರಾದ ಮೇಲೆ ಬಿಚ್ಚಬೇಕು. ರಕ್ತ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಸೆಂಟ್ರಿಫ್ಯೂಜ್‌ಗೆ (ಗಿರಗಿರ ತಿರುಗಿಸಿ ರಕ್ತರಸ ಬೇರೆ ಮಾಡುವ ಯಂತ್ರ) ಹಾಕಿದರೆ ಹೆಪ್ಪಿನ ಫೈಬ್ರಿನ್ ಎಳೆಗಳು ಉಳಿದು ಪಟ್ಟಿಯನ್ನು ಕಟ್ಟಿಹಾಕುತ್ತವೆ. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧ ತೆಗೆದುಕೊಂಡವರ ರಕ್ತ ಹೆಪ್ಪುಗಟ್ಟುವುದು ಇನ್ನೂ ನಿಧಾನ. ಹನಿ ಎಷ್ಟೆಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ, ಹಳೆಯ ಪೆಟ್ಟಿಗೆಯ ರೂಢಿಯಲ್ಲಿ ಹೊಸದನ್ನು ಮಾಡಬಾರದು.

‘ಸಿ’ ಗೆರೆ (ಕಂಟ್ರೋಲ್, ಕಾರ್ಡು ಕೆಲಸ ಮಾಡಿದೆ ಎಂಬ ಗುರುತು) ಬಾರದಿದ್ದರೆ ಕಾರ್ಡು ವ್ಯರ್ಥ, ಬೇರೆ ಕಾರ್ಡು ತೆಗೆಯಬೇಕು. ‘ಟಿ’ ಗೆರೆ (ಟೆಸ್ಟ್, ಟ್ರೋಪೋನಿನ್-ಟಿ ಅಲ್ಲ) ಎಷ್ಟು ಮಸುಕಾಗಿದ್ದರೂ ಹೇಳಿದ ಹೊತ್ತಿನೊಳಗೆ ಮೂಡಿದರೆ ಪಾಸಿಟಿವ್. ಹೊತ್ತು ಮೀರಿ ಮೂಡಿದ್ದಕ್ಕೆ ಬೆಲೆಯಿಲ್ಲ, ಆದ್ದರಿಂದ ಕಾರ್ಡಿನ ಬೆನ್ನಿಗೆ ಹನಿ ಹಾಕಿದ ಸಮಯ ಬರೆಯುವ ಅಭ್ಯಾಸ ಒಳ್ಳೆಯದು.

ಪಾಸಿಟಿವ್ ಬಂದರೆ ಹೃದಯದ ಕೋಶಕ್ಕೆ ಪೆಟ್ಟು ಬಿದ್ದಿರಬೇಕು. ರಕ್ತನಾಳ ಮುಚ್ಚಿಯೇ ಆಗಬೇಕೆಂದಿಲ್ಲ. ಹೃದಯಸ್ನಾಯುವಿನ ಉರಿಯೂತ, ಶ್ವಾಸಕೋಶದ ರಕ್ತನಾಳದಲ್ಲಿ ಗಡ್ಡೆ, ಕಿಡ್ನಿ ಕಾಯಿಲೆ, ತೀವ್ರ ಸೋಂಕಿನಲ್ಲೂ ಏರುತ್ತದೆ. ಅಪರೂಪಕ್ಕೆ ರುಮಟಾಯ್ಡ್ ಫ್ಯಾಕ್ಟರ್ (ಸಂಧಿವಾತದವರ ರಕ್ತದಲ್ಲಿ ಹೆಚ್ಚಾಗಿ ಸಿಗುವ ಪ್ರತಿಕಾಯ) ಸುಳ್ಳು ಗೆರೆ ಎಳೆಸುವುದೂ ಉಂಟು. ಇನ್ನೊಂದು: ವಾರದ ಹಿಂದೆ ಹೃದಯಾಘಾತ ಆದವರಲ್ಲಿ ಗೆರೆ ಇನ್ನೂ ಇರಬಹುದು, ಹೊಸ ನೋವು ಹೊಸ ಪೆಟ್ಟೋ ಹಳೆಯದೋ ಎಂದು ಕಾರ್ಡು ಹೇಳಲಾರದು. ಅದಕ್ಕೆ ಏರಿಳಿತದ ಅಂಕಿ ಬೇಕು.

ಇಷ್ಟಿದ್ದರೂ ಊರ ಲ್ಯಾಬಿನಲ್ಲಿ ಈ ಕಾರ್ಡು ಇರಬೇಕು ಎಂಬುದೇ ನಮ್ಮ ಅಭಿಪ್ರಾಯ. ಬದಲಾಗಬೇಕಾದ್ದು ರಿಪೋರ್ಟು. ಬರೀ ‘ನೆಗೆಟಿವ್’ ಎಂದು ಕೊಡುವ ಬದಲು ನೋವು ಶುರುವಾದ ಗಂಟೆ, ರಕ್ತ ತೆಗೆದ ಗಂಟೆ, ಕಿಟ್‌ನ ಹೆಸರು, ಅದರ ಮಿತಿ ಇಷ್ಟನ್ನೂ ಬರೆದುಕೊಡಬೇಕು. ಬರೆಯದಿದ್ದರೆ ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳಿ. ಮಂಗಳೂರಿನ ತುರ್ತು ವಿಭಾಗದವರು ಮೊದಲು ಕೇಳುವುದೂ ಆ ಎರಡು ಗಂಟೆಗಳನ್ನೇ.