ಕ್ಯಾಂಡಿ ನೋಡಲು ಕಾರೋ, ತ್ರೀವೀಲರೋ, ಬಸ್ಸೋ?

ಶ್ರೀಲಂಕಾದ ಕ್ಯಾಂಡಿಯಲ್ಲಿ ನಾನು ಮತ್ತು ನನ್ನ ಅಕ್ಕ ನಾಲ್ಕು ದಿನ ತಂಗಿದ್ದೆವು. ಮೊದಲ ದಿನ ಚಾಲಕನ ಸಮೇತ ಬಾಡಿಗೆಗೆ ಪಡೆದ ಕಾರು, ಎರಡನೆಯ ದಿನ ತ್ರೀವೀಲರ್ (ನಮ್ಮ ಆಟೋರಿಕ್ಷಾಕ್ಕೆ ಅಲ್ಲಿ ಇದೇ ಹೆಸರು), ಉಳಿದೆರಡು ದಿನ ಊರಿನ ಬಸ್ಸು ಮತ್ತು ನಮ್ಮ ಕಾಲುಗಳು. ಮತ್ತೊಮ್ಮೆ ಹೋಗುವ ಅವಕಾಶ ಸಿಕ್ಕರೆ ಬಸ್ಸು ಮತ್ತು ನಡಿಗೆಯನ್ನೇ ಆರಿಸುತ್ತೇನೆ. ಊರ ಹೊರಗಿನ ಮೂರು ಹಳೆಯ ದೇವಾಲಯಗಳಿಗೆ ಮಾತ್ರ ತ್ರೀವೀಲರ್ ಹಿಡಿಯುತ್ತೇನೆ. ಕಾರಿನ ವಿಷಯದಲ್ಲಿ ಆದ ಬೇಸರ ಇನ್ನೂ ಮನಸ್ಸಿನಲ್ಲಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಬುದ್ಧನ ದಂತಧಾತುವನ್ನು, ಅಂದರೆ ಹಲ್ಲಿನ ಅವಶೇಷವನ್ನು, ಇರಿಸಿರುವ ದಳದಾ ಮಾಳಿಗಾವ ದೇವಾಲಯದಲ್ಲಿ ಸಂಜೆ ಆರೂವರೆಗೆ ಆರಂಭವಾಗುವ ಪೂಜೆಯನ್ನು ನೋಡಬೇಕೆಂಬುದು ಅಕ್ಕನ ಒಂದೇ ಬಯಕೆಯಾಗಿತ್ತು. ಸಿಂಹಳದಲ್ಲಿ ಈ ಪೂಜೆಗೆ ತೇವಾವ ಎನ್ನುತ್ತಾರೆ. ಬೆಳಗಿನ ಜಾವ, ಪೂರ್ವಾಹ್ನ ಮತ್ತು ಸಂಜೆ, ಹೀಗೆ ದಿನಕ್ಕೆ ಮೂರು ಬಾರಿ ಮಾತ್ರ ಮಹಡಿಯ ಮೇಲಿನ ಗರ್ಭಗೃಹದ ಬಾಗಿಲು ತೆರೆಯುತ್ತದೆ, ಆಗ ಸಾಲಿನಲ್ಲಿ ಸಾಗುತ್ತ ಚಿನ್ನದ ಕರಂಡಕವನ್ನು ಕೆಲವೇ ಕ್ಷಣ ಕಾಣಬಹುದು. ಕಾರು ಗೊತ್ತುಮಾಡುವಾಗ ಈ ಮಾತನ್ನು ನಾನು ಎರಡು ಬಾರಿ ಹೇಳಿದ್ದೆ. ಆದರೆ ನಮ್ಮ ಒಪ್ಪಂದದಲ್ಲಿ ಇದ್ದದ್ದು ಸ್ಥಳಗಳ ಹೆಸರು ಮಾತ್ರ. ಯಾವ ಸ್ಥಳದಲ್ಲಿ ಎಷ್ಟು ಹೊತ್ತು ಎಂಬುದು ಇರಲಿಲ್ಲ.

ಬೆಳಿಗ್ಗೆ ಹೊರಟ ಕಾರು ಮೊದಲು ನಿಂತದ್ದು ನಾವು ಕೇಳದೇ ಇದ್ದ ಒಂದು ಸಂಬಾರ ತೋಟದ ಮುಂದೆ. ಏಲಕ್ಕಿ, ದಾಲ್ಚಿನ್ನಿ, ಮೆಣಸಿನ ಬಳ್ಳಿಗಳನ್ನು ಮಲೆನಾಡಿನಲ್ಲಿ ಬೆಳೆದ ನಮಗೆ ವಿವರವಾಗಿ ಪರಿಚಯಿಸಿ, ಕೊನೆಗೆ ಎಣ್ಣೆ ಮತ್ತು ಲೇಹ್ಯಗಳ ಅಂಗಡಿಯೊಳಗೆ ಕರೆದೊಯ್ದರು. ಅಲ್ಲಿಂದ ರತ್ನದ ಮಳಿಗೆ. ಗಣಿಯ ಕುರಿತು ಒಂದು ಕಿರುಚಿತ್ರ, ಚಹಾ, ಆಮೇಲೆ ಉಂಗುರಗಳು. ಮೂರನೆಯದು ಬಾಟಿಕ್ ಬಟ್ಟೆಯ ಅಂಗಡಿ. ಚಾಲಕ ಒಂದು ಮಾತನ್ನೂ ಒರಟಾಗಿ ಆಡಲಿಲ್ಲ. ಪ್ರತಿ ಬಾರಿಯೂ ಹತ್ತೇ ನಿಮಿಷ ಎಂದರು, ಪ್ರತಿ ಬಾರಿಯೂ ಮುಕ್ಕಾಲು ಗಂಟೆ ಹೋಯಿತು. ಇಂಥ ಅಂಗಡಿಗಳಿಂದ ಚಾಲಕರಿಗೆ ಕಮಿಷನ್ ಸಿಗುತ್ತದೆ, ಅವರ ದಿನದ ಗಳಿಕೆಯಲ್ಲಿ ಅದೂ ಸೇರಿರುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ದಿನದ ಬಾಡಿಗೆಯನ್ನು ಪೂರ್ತಿ ಕೊಟ್ಟವರ ಸಮಯ ಹೀಗೆ ಬೇರೆಯವರ ಪಾಲಾಗುವುದು ನ್ಯಾಯವಲ್ಲ.

ಪೇರಾದೆನಿಯ ಸಸ್ಯೋದ್ಯಾನಕ್ಕೆ ಕೊನೆಗೆ ಉಳಿದದ್ದು ಒಂದು ಗಂಟೆ. ಊರಿಗೆ ಮರಳುವ ದಾರಿಯಲ್ಲಿ ಸಂಜೆಯ ವಾಹನಸಾಲು ಸಿಕ್ಕಿತು. ಅದರಲ್ಲಿ ಕಾರೂ ಒಂದೇ, ಬಸ್ಸೂ ಒಂದೇ. ಭದ್ರತಾ ತಪಾಸಣೆ ಮುಗಿಸಿ, ಪಾದರಕ್ಷೆ ಬಿಟ್ಟು, ಮೆಟ್ಟಿಲು ಹತ್ತುವಷ್ಟರಲ್ಲಿ ವಾದ್ಯಗಳು ನಿಂತಿದ್ದವು, ಬಾಗಿಲು ಮುಚ್ಚಿತ್ತು. ಹೊರಗೆ ಕೊಂಡಿದ್ದ ಕಮಲದ ಹೂಗಳನ್ನು ಅಕ್ಕ ಇತರರ ಹೂಗಳ ನಡುವೆ ಇಟ್ಟು ಏನೂ ಮಾತಾಡದೆ ಕೆಳಗಿಳಿದಳು.

ತ್ರೀವೀಲರಿನ ದಿನ ಚೆನ್ನಾಗಿತ್ತು. ಗಡಲಾದೆಣಿಯ, ಲಂಕಾತಿಲಕ ಮತ್ತು ಎಂಬೆಕ್ಕ ದೇವಾಲಯಗಳು ಹಳ್ಳಿಯ ಕಿರುದಾರಿಗಳಲ್ಲಿವೆ, ಆ ದಾರಿಗಳಿಗೆ ಈ ವಾಹನವೇ ಸರಿ. ಹೊರಡುವ ಮುನ್ನವೇ ದರ ಮಾತಾಡಿ, ಅಂಗಡಿಗಳಿಗೆ ಹೋಗುವುದಿಲ್ಲ ಎಂದು ಹೇಳಿದ್ದರಿಂದ ತೊಂದರೆ ಆಗಲಿಲ್ಲ. 1344ರ ಗಡಲಾದೆಣಿಯವನ್ನು ಬಂಡೆಯ ಮೇಲೆ ಕಲ್ಲಿನಿಂದ ಕಟ್ಟಿದ ಶಿಲ್ಪಿಯ ಹೆಸರು ಗಣೇಶ್ವರಾಚಾರಿ. ದಕ್ಷಿಣ ಭಾರತದ ಶೈಲಿಯ ಆ ಕಂಬಗಳ ನಡುವೆ ನಿಂತಾಗ ಹಂಪಿಯನ್ನು ಕಂಡವರಿಗೆ ಪರಕೀಯ ಭಾವ ಉಂಟಾಗದು. ಎಂಬೆಕ್ಕದ ಮರದ ಕಂಬಗಳಲ್ಲಿ ಹಂಸಗಳು, ಮಲ್ಲರು, ಮಗುವಿಗೆ ಹಾಲೂಡಿಸುವ ತಾಯಿ ಇದ್ದಾರೆ. ಅಲ್ಲಿಯ ಚಾವಣಿಯಲ್ಲಿ 26 ತೊಲೆಗಳನ್ನು ಒಂದೇ ಮರದ ಬೆಣೆ ಹಿಡಿದಿರುವುದನ್ನು ಕತ್ತೆತ್ತಿ ನೋಡುತ್ತ ನಾವು ಬಹಳ ಹೊತ್ತು ನಿಂತೆವು. ಆದರೆ ಏರುದಾರಿಯಲ್ಲಿ ತ್ರೀವೀಲರಿನ ಹೊಗೆ ಮತ್ತು ಸದ್ದು ಇದ್ದೇ ಇರುತ್ತವೆ.

ಮೂರನೆಯ ದಿನ ಅದೇ ಪೇರಾದೆನಿಯಕ್ಕೆ ಬಸ್ಸಿನಲ್ಲಿ ಹೋದೆವು. ಊರಿನಿಂದ ಸುಮಾರು 6 ಕಿಲೋಮೀಟರ್ ಅಷ್ಟೆ. 1821ರಲ್ಲಿ ಆರಂಭವಾದ, ಮಹಾವೇಲಿ ನದಿ ಮೂರು ಕಡೆ ಬಳಸಿ ಹರಿಯುವ 147 ಎಕರೆಯ ಈ ಉದ್ಯಾನವನ್ನು ಗಂಟೆಯ ಲೆಕ್ಕದಲ್ಲಿ ನೋಡಲಾಗದು. ರಾಜತಾಳೆಗಳ ಸಾಲುದಾರಿ, ಹುಲ್ಲುಹಾಸಿನ ನಡುವೆ ಕೊಡೆಯಂತೆ ಹರಡಿದ ಬೃಹತ್ ಜಾವಾ ಅತ್ತಿ, ಹಗಲಿಡೀ ಕೊಂಬೆಗಳಿಗೆ ಜೋತುಬಿದ್ದ ತೊಗಲುಬಾವಲಿಗಳು, ಆರ್ಕಿಡ್ ಮನೆ. ಮುಂದೆ ಐದನೆಯ ಜಾರ್ಜ್ ದೊರೆಯಾದ ರಾಜಕುಮಾರ ಮತ್ತು ಅವನ ಪತ್ನಿ 1901ರಲ್ಲಿ ನೆಟ್ಟ ನಾಗಲಿಂಗದ ಮರದ ಕೆಳಗೆ ಅಕ್ಕ ಬಹಳ ಹೊತ್ತು ಕುಳಿತಳು. ನಮ್ಮಲ್ಲಿ ಈ ಹೂವಿನೊಳಗೆ ಹೆಡೆಯ ಕೆಳಗಿನ ಲಿಂಗವನ್ನು ಕಾಣುತ್ತೇವೆ. ಅಲ್ಲಿನ ಬೌದ್ಧರು ಇದನ್ನು ಸಾಲವೃಕ್ಷವೆಂದು ಕರೆದು ವಿಹಾರಗಳಲ್ಲಿ ಬೆಳೆಸುತ್ತಾರೆ. ಬುದ್ಧ ಹುಟ್ಟಿದ್ದೂ ಪರಿನಿರ್ವಾಣ ಹೊಂದಿದ್ದೂ ಸಾಲವೃಕ್ಷಗಳ ನಡುವೆ ಎಂಬ ನಂಬಿಕೆಯೇ ಅದಕ್ಕೆ ಕಾರಣ.

ಮಧ್ಯಾಹ್ನ ಮೂರಕ್ಕೆ ಮರಳಿ ಬಸ್ಸು ಹತ್ತಿದೆವು. ಊರು ಸಮೀಪಿಸಿದಾಗ ರಸ್ತೆ ಕಟ್ಟಿಕೊಂಡಿತು, ನಾವು ಇಳಿದು ನಡೆದೆವು. ಕಾರಿನಲ್ಲಿ ಇದು ನಮ್ಮ ಕೈಯಲ್ಲಿ ಇರಲಿಲ್ಲ. ಐದೂವರೆಗೆ ಕೆರೆಯ ದಂಡೆಯಲ್ಲಿದ್ದೆವು. ಗದ್ದೆಗಳಿಗೆ ಕಟ್ಟೆ ಹಾಕಿ 1807ರಲ್ಲಿ ಈ ಕೆರೆಯನ್ನು ಮಾಡಿಸಿದವನು ಕ್ಯಾಂಡಿಯ ಕೊನೆಯ ಅರಸ, ನಾಯಕ್ಕರ್ ಮನೆತನದ ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಅವನು ಕೊನೆಗೆ ತೀರಿಕೊಂಡದ್ದು ವೆಲ್ಲೂರಿನಲ್ಲಿ. ಅವನು ಎಬ್ಬಿಸಿದ ಮೋಡದಲೆಯ ಗೋಡೆಯ ಪಕ್ಕದಲ್ಲೇ ನಡೆದು ಮಾಳಿಗಾವ ಸೇರಿದೆವು. ದವುಲ, ತಮ್ಮಟ್ಟಮ, ಹೊರನೆವ ವಾದ್ಯಗಳು ಒಟ್ಟಿಗೆ ಮೊಳಗಿದವು. ತಮ್ಮಟ್ಟಮ ಎಂಬ ಹೆಸರು ಕೇಳಿದ ಕೂಡಲೇ ನಮಗೆ ಊರಿನ ತಮಟೆ ನೆನಪಾಯಿತು. ಈ ಬಾರಿ ಅಕ್ಕನ ಹೂಗಳು ಬಾಗಿಲು ತೆರೆದಿದ್ದಾಗಲೇ ಸಂದವು.

ಖರ್ಚಿನ ಮಾತು: ಕಾರಿನ ಒಂದು ದಿನದ ಬಾಡಿಗೆ ನಮ್ಮ ಎರಡು ರಾತ್ರಿಯ ವಸತಿಗೆ ಸಮವಾಗಿತ್ತು, ತ್ರೀವೀಲರಿಗೆ ಅದರ ಅರ್ಧಕ್ಕಿಂತ ಕಡಿಮೆ ತಗಲಿತು, ಬಸ್ಸಿನದು ಲೆಕ್ಕಕ್ಕೆ ಬರುವಂಥದ್ದಲ್ಲ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಕಾರು ಬೇಕಾಗುತ್ತದೆ. ಆಗ ಅಂಗಡಿ ಒಂದೂ ಬೇಡ, ಸಂಜೆ ಐದೂವರೆಗೆ ಮಾಳಿಗಾವದ ಬಳಿ ಇಳಿಸಬೇಕು ಎಂಬ ಎರಡು ಮಾತನ್ನು ಬರೆಸಿಕೊಳ್ಳಿ. ದಿನಕ್ಕೆ ಒಂದೇ ಸ್ಥಳವನ್ನು ನಿಧಾನವಾಗಿ ನೋಡುವ ನಮ್ಮಂಥವರು ಕಾರಿನ ಹಣವನ್ನು ಕೆರೆಯ ಸಮೀಪದ ವಸತಿಗೆ ಹಾಕುವುದು ಮೇಲು. ನಾವಿದ್ದ ಕೋಣೆಯಿಂದ ಮಾಳಿಗಾವಕ್ಕೆ ಹನ್ನೆರಡು ನಿಮಿಷದ ನಡಿಗೆ ಇದ್ದುದರಿಂದ, ಹೊರಡುವ ದಿನ ಬೆಳಗಿನ ಜಾವ ಐದೂವರೆಯ ಪೂಜೆಗೂ ಅಕ್ಕ ಹೋಗಿಬಂದಳು.